ಕೋಟೆಯ ಧೈರ್ಯ, ಕೇರಿಯ ಧೈರ್ಯ

ತ.ರಾ.ಸು. ಅವರ ‘ದುರ್ಗಾಸ್ತಮಾನ’ (1982) ಓದುವಾಗ ನನಗೂ ಮೈ ಜುಮ್ಮೆಂದಿದೆ. 1779ರಲ್ಲಿ ಚಿತ್ರದುರ್ಗ ಹೈದರನ ವಶವಾದ ಕಥೆ ಅದು. ಅಲ್ಲಿ ಧೈರ್ಯವೆಂದರೆ ಒಡೆಯನಿಗಾಗಿ ಸಾಯುವುದು. ನೀತಿಯೆಂದರೆ ಉಂಡ ಉಪ್ಪಿನ ಋಣ. ಇದೇ ಅಳತೆಗೋಲು ಹಿಡಿದು ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಗೆ ಬನ್ನಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಆ ಸಾಕ್ಷಿಗಳನ್ನು ಹೇಡಿಗಳು ಅಂತ ಕರೆದುಬಿಡೋಣವೇ? ಒಡೆಯನಿಗಾಗಿ ಪ್ರಾಣ ಕೊಡುವವನ ಬೆನ್ನಿಗೆ ಕೋಟೆಯಿರುತ್ತದೆ, ಅವನನ್ನು ಹಾಡುವ ಊರಿರುತ್ತದೆ. ಒಡೆಯರ ಎದುರು ನಿಜ ನುಡಿಯಬೇಕಾದ ಕೂಲಿಯವನು ಸಾಯಂಕಾಲ ಅದೇ ಊರಿಗೆ ವಾಪಸ್ಸು ಹೋಗಬೇಕಲ್ಲ! ಕೋಟೆ ಬಿದ್ದದ್ದು ಚರಿತ್ರೆಯಾದರೆ ಮನೆ ಸುಟ್ಟದ್ದೂ ಚರಿತ್ರೆಯೇ. ಈ ಅಂಜಿಕೆಗೂ ಧೈರ್ಯದ ಕಥೆಯೊಳಗೆ ಜಾಗ ಕೊಡಬಲ್ಲ ಚಾರಿತ್ರಿಕ ಕಾದಂಬರಿ ನಮಗೆ ಬೇಕು.