ಪಾರಿಜಾತದ ಹಾಡೂ ಮಾತೂ

ಕೋಠಿಯ ನಮ್ಮ ನೆರೆಯ ತೆಲುಗರಿಗೆ ಭಾಮಾಕಲಾಪದ ಸತ್ಯಭಾಮೆ ಮನೆಮಗಳಿದ್ದಂತೆ. ನಮ್ಮ ಮಕ್ಕಳಿಗೋ ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’ದ ಭಾಮೆಯ ಗುರುತೇ ಇಲ್ಲ. ಅಪರಾಳ ತಮ್ಮಣ್ಣ ರಚಿಸಿದ ಈ ಆಟವನ್ನು 19ನೆಯ ಶತಮಾನದಲ್ಲಿ ರಂಗಕ್ಕೆ ಒಗ್ಗಿಸಿದವನು ಕುಲಗೋಡ ತಮ್ಮಣ್ಣ. ಮುಂದೆ ಅದಕ್ಕೆ ಹೆಸರು ತಂದವರಲ್ಲಿ ಕೌಜಲಗಿಯ ನಿಂಗಮ್ಮ ಒಬ್ಬರು.

ಕಥೆಯೆಂದರೆ ಒಂದು ಹೂವಿಗಾಗಿ ಸವತಿಯರ ಜಗಳ, ಅಷ್ಟೆ. ಹಾರ್ಮೋನಿಯಂ, ತಬಲಾ, ತಾಳಗಳೊಡನೆ ಹಿಂದುಸ್ತಾನಿ ಛಾಯೆಯ ಹಾಡು. ಭಾಮೆಯ ವಿರಹಕ್ಕೆ ನಮ್ಮ ಕಣ್ಣು ತೇವವಾಗುವಷ್ಟರಲ್ಲಿ ಭಾಗವತ ಆಡುಮಾತಿನಲ್ಲಿ ಅವಳನ್ನು ಕೆಣಕುತ್ತಾನೆ. ಆ ಕೆಣಕಿನಿಂದಲೇ ಮುಂದಿನ ಹಾಡಿಗೆ ಕಾವು.

ಒಮ್ಮೆ ವೇಳೆ ಸಾಲದೆಂದು ಮಾತು ಕತ್ತರಿಸಿ ಬರೀ ಹಾಡು ಉಳಿಸಿದ್ದನ್ನು ನೋಡಿದೆವು. ಮಕ್ಕಳು ಆಕಳಿಸಿದರು. ಕತ್ತರಿ ಬೇಕೇ ಬೇಕೆಂದರೆ ಸ್ವಾಗತಭಾಷಣಗಳಿವೆಯಲ್ಲ!