ಹೈದರಾಬಾದಿನ ಮೃಗಾಲಯ: ಒಂದು ದಿನದ ನೋಟ

ಮೈಸೂರಿನ 1892ರ ಮೃಗಾಲಯವು ರಾಜ್ಯದ ಇನ್ನೊಂದು ತುದಿಯಲ್ಲಿರುವುದರಿಂದ, ಬೀದರ ಜಿಲ್ಲೆಯ ಘಾಟಬೋರಾಳ, ಹುಮನಾಬಾದ ಮತ್ತು ಬಸವಕಲ್ಯಾಣದ ಪ್ರವಾಸಿಗರಿಗೆ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗಿದರೆ ಸಿಗುವ ಹೈದರಾಬಾದಿನ ನೆಹರೂ ಮೃಗಾಲಯವೇ ಹತ್ತಿರದ ದೊಡ್ಡ ಮೃಗಾಲಯ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೂ ರಾಜಧಾನಿಯಾಗಿದ್ದ ಈ ನಗರದಲ್ಲಿ ಪ್ರಾಣಿಗಳು ಮೊದಲು ಬಾಗ್-ಎ-ಆಮ್ ಎಂಬ ಸಾರ್ವಜನಿಕ ಉದ್ಯಾನದಲ್ಲಿದ್ದವು. ಮೀರ್ ಆಲಂ ಕೆರೆಯ ಮಗ್ಗುಲಿನ ಸುಮಾರು 380 ಎಕರೆ ಜಾಗದಲ್ಲಿ ಹೊಸ ಮೃಗಾಲಯವು 1963ರ ಅಕ್ಟೋಬರ್ 6ರಂದು ಸಾರ್ವಜನಿಕರಿಗೆ ತೆರೆಯಿತು. ಹಳೆಯ ಉದ್ಯಾನದಿಂದ ಇಲ್ಲಿಗೆ ಬಂದಿದ್ದ ಗಲಪಗೋಸ್ ದೈತ್ಯ ಆಮೆಯೊಂದು ಸುಮಾರು 125 ವರ್ಷ ಬಾಳಿ 2024ರಲ್ಲಿ ತೀರಿಕೊಂಡಿತು.

ಸೋಮವಾರ ರಜೆಯಿರುವ ಈ ಮೃಗಾಲಯವನ್ನು ಒಂದೇ ದಿನದಲ್ಲಿ ಪೂರ್ತಿ ಸುತ್ತಿ ಮುಗಿಸುವ ಅವಸರಕ್ಕಿಂತ, ನಾಲ್ಕಾರು ಆವರಣಗಳನ್ನು ಆರಿಸಿಕೊಂಡು ಪ್ರತಿಯೊಂದರ ಮುಂದೆಯೂ ಸಾವಧಾನವಾಗಿ ನಿಲ್ಲುವುದು ಲೇಸು. ಬಿಸಿಲೇರುವ ಮೊದಲು ಹುಲಿ, ಸಿಂಹಗಳು ಚುರುಕಾಗಿರುವುದರಿಂದ ಬೆಳಗಿನ ಹೊತ್ತನ್ನು ಅವುಗಳಿಗೆ ಮೀಸಲಿಡಬೇಕು. ನೋಡುಗರಿಗೂ ಪ್ರಾಣಿಗೂ ನಡುವೆ ಕಬ್ಬಿಣದ ಸರಳುಗಳ ಬದಲು ಕಂದಕವನ್ನಿಡುವ ವಿಧಾನವನ್ನು ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಳಿಯ ತನ್ನ ಮೃಗಾಲಯದಲ್ಲಿ ಜನಪ್ರಿಯಗೊಳಿಸಿದನು. ಹೈದರಾಬಾದಿನಲ್ಲಿಯೂ ಅದೇ ಮಾದರಿಯ ತೆರೆದ ಆವರಣಗಳಿವೆ. ಆದರೆ ಕಂದಕವಿದ್ದ ಮಾತ್ರಕ್ಕೆ ಪ್ರಾಣಿ ನೆಮ್ಮದಿಯಾಗಿದೆ ಎನ್ನಲಾಗದು. ಅದು ಒಂದೇ ಜಾಡಿನಲ್ಲಿ ಹೋಗಿಬರುತ್ತ, ಪ್ರತಿಸಲವೂ ಅದೇ ಜಾಗದಲ್ಲಿ ತಲೆ ತಿರುಗಿಸುತ್ತಿದ್ದರೆ, ತಜ್ಞರು ‘ಸ್ಟೀರಿಯೊಟೈಪಿ’ ಎನ್ನುವ, ಬಂಧನದ ಒತ್ತಡದಿಂದ ಹುಟ್ಟುವ ಯಾಂತ್ರಿಕ ಚಲನೆ ಅದಾಗಿರಬಹುದು. ನೆಲ ಮೂಸುತ್ತ, ಮರ ಕೆರೆಯುತ್ತ, ನೆರಳು ಹುಡುಕಿ ಮಲಗುವ ಹುಲಿಯಲ್ಲಿ ಸಹಜತೆ ಕಾಣುತ್ತದೆ.

ನಡುಮಧ್ಯಾಹ್ನಕ್ಕೆ ತಕ್ಕುದು ನಿಶಾಚರ ಪ್ರಾಣಿಗಳ ಮನೆ. ಅಲ್ಲಿ ಹಗಲು ಮಬ್ಬುಗತ್ತಲನ್ನೂ ರಾತ್ರಿ ಬೆಳಕನ್ನೂ ಇರಿಸಿ ಪ್ರಾಣಿಗಳ ದಿನಚರಿಯನ್ನೇ ತಿರುವುಮುರುವು ಮಾಡಿರುವುದರಿಂದ, ಕಾಡುಪಾಪದಂತಹ ಜೀವಿಗಳು ಎಚ್ಚರವಾಗಿ ಓಡಾಡುವುದನ್ನು ಹಗಲಿನಲ್ಲಿಯೇ ನೋಡಬಹುದು.

ಈ ಮೃಗಾಲಯಕ್ಕೆ ನಿಜವಾದ ಹಿರಿಮೆ ತಂದದ್ದು ಮೂರು ಕಿಲೋಗ್ರಾಂ ತೂಗುವ, ಕೊಂಬಿಲ್ಲದ, ಮೈಮೇಲೆ ಬಿಳಿಯ ಚುಕ್ಕೆ-ಪಟ್ಟೆಗಳುಳ್ಳ ಬರಿಂಕ, ಅಂದರೆ ಇಲಿಜಿಂಕೆ. ಮೆಲುಕು ಹಾಕುವ ಪ್ರಾಣಿಯಾದರೂ ಹಸು, ಕೃಷ್ಣಮೃಗಗಳಿಗಿರುವಂತೆ ನಾಲ್ಕು ಕೋಣೆಗಳ ಹೊಟ್ಟೆ ಇದಕ್ಕಿಲ್ಲ. ಇರುವುದು ಮೂರೇ ಕೋಣೆ. ನಗರದ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಲಾಕೋನ್ಸ್ ಪ್ರಯೋಗಾಲಯದ ಜೊತೆಗೂಡಿ 2010ರಲ್ಲಿ ಆರಂಭಿಸಿದ ಸಂತಾನಾಭಿವೃದ್ಧಿ ಕಾರ್ಯದಿಂದ ಹುಟ್ಟಿದ ಮರಿಗಳ ಪೈಕಿ ಹಲವನ್ನು ನಲ್ಲಮಲ ಬೆಟ್ಟಸಾಲಿನ ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬಿಡಲಾಗಿದೆ. ಕಾಡಿನಿಂದ ತಂದು ಕೂಡಿಡುವುದಕ್ಕಾಗಿ ಹುಟ್ಟಿದ ಮೃಗಾಲಯವೆಂಬ ಸಂಸ್ಥೆ ಕಾಡಿಗೆ ಮರಳಿ ಕೊಡಲು ಕಲಿತಾಗಲೇ ತನ್ನ ಋಣ ತೀರಿಸತೊಡಗುತ್ತದೆ. ಟಿಕೆಟು ಕೊಂಡು ಒಳಹೋಗುವ ಪ್ರತಿಯೊಬ್ಬ ಪ್ರವಾಸಿಯೂ ಮೃಗಾಲಯದಿಂದ ಕೇಳಬೇಕಾದ ಲೆಕ್ಕವೂ ಇದೇ.