ಪಾತ್ರೆ ಯಾರು ತೊಳೀತಾರೆ?

ಎರಡು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ಒಂದು ‘ವೆಲ್‌ನೆಸ್’ ಸೆಷನ್ ಇತ್ತು. ಮಧ್ಯಾಹ್ನ ಮೂರು ಗಂಟೆಗೆ, ಊಟದ ನಿದ್ದೆ ಎಳೆಯೋ ಹೊತ್ತಿನಲ್ಲಿ. ನಡೆಸಿಕೊಡಲು ಬಂದವರು ಮೃದುವಾದ ದನಿಯಲ್ಲಿ, “ಇವತ್ತು ಮನೆಗೆ ಹೋಗಿ ಪಾತ್ರೆ ತೊಳೆಯುವಾಗ ಬರೀ ಪಾತ್ರೆ ತೊಳೀರಿ. ನೀರು ಕೈಗೆ ತಾಗೋದನ್ನ ಗಮನಿಸಿ. ಒತ್ತಡ ತಾನಾಗೇ ಇಳಿಯುತ್ತೆ” ಅಂದರು. ಸ್ಲೈಡಿನಲ್ಲಿ ಕಂದು ಬಟ್ಟೆ ತೊಟ್ಟ ಭಿಕ್ಷುವೊಬ್ಬರ ಫೋಟೊ, ಕೆಳಗೆ ತಿಕ್ ನಾತ್ ಹಾನ್ ಅನ್ನೋ ಹೆಸರು. ನಾವೆಲ್ಲ ತಲೆಯಾಡಿಸಿದೆವು. ಪಕ್ಕದಲ್ಲಿದ್ದ ಗೆಳತಿ ಮಾತ್ರ ಕಿವಿ ಹತ್ತಿರ ಬಂದು ಪಿಸುಗುಟ್ಟಿದಳು: “ನಮ್ಮನೇಲಿ ಪಾತ್ರೆ ತೊಳೆಯೋದು ನಾನಲ್ವಲ್ಲೇ!”

ಆಗ ನಕ್ಕು ಸುಮ್ಮನಾದೆ. ಆದರೆ ಆ ಮಾತು ಮುಳ್ಳಿನ ಹಾಗೆ ಎಲ್ಲೋ ಸಿಕ್ಕಿಕೊಂಡಿತು. ಅದೇ ವಾರ ಆ ಸಾಲುಗಳಿರುವ ಪುಸ್ತಕವನ್ನೇ ತರಿಸಿದೆ: ‘ದಿ ಮಿರಾಕಲ್ ಆಫ್ ಮೈಂಡ್‌ಫುಲ್‌ನೆಸ್’. ತೆಳ್ಳನೆಯ ಪುಸ್ತಕ, ಎರಡು ಸಂಜೆಗೆ ಮುಗಿಯುತ್ತೆ. ಮುಗಿಸಿದ ಮೇಲೆ ಅನ್ನಿಸಿದ್ದು ಇಷ್ಟು: ಈ ಪುಸ್ತಕವನ್ನು ನಮಗೆ ಹಂಚುತ್ತಿರುವವರು ಅದನ್ನು ಅರ್ಧ ಮಾತ್ರ ಹಂಚುತ್ತಿದ್ದಾರೆ. ಉಳಿದ ಅರ್ಧ ನಮಗೆ ಅಷ್ಟೇನೂ ಹಿತವಾದದ್ದಲ್ಲ, ಅದಕ್ಕೇ ಇರಬೇಕು.

ಮೊದಲನೆಯದಾಗಿ ಇದು ಪುಸ್ತಕ ಅಂತ ಬರೆದದ್ದೇ ಅಲ್ಲ, ಒಂದು ಪತ್ರ. 1974ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಫ್ರಾನ್ಸಿನಲ್ಲಿದ್ದ ತಿಕ್ ನಾತ್ ಹಾನ್ ತನ್ನ ನಾಡು ವಿಯೆಟ್ನಾಮಿನಲ್ಲಿ ಕೆಲಸ ಮಾಡುತ್ತಿದ್ದ ಕ್ವಾಂಗ್ ಎಂಬ ಕಾರ್ಯಕರ್ತರಿಗೆ ಬರೆದ ಉದ್ದನೆಯ ಕಾಗದ. ಕ್ವಾಂಗ್ ಇದ್ದದ್ದು ಸಮಾಜಸೇವೆಗೆ ಯುವಜನರನ್ನು ತಯಾರು ಮಾಡುತ್ತಿದ್ದ ಒಂದು ಶಾಲೆಯಲ್ಲಿ. 1960ರ ದಶಕದ ನಡುವೆ ಅದನ್ನು ಕಟ್ಟಿದವರಲ್ಲಿ ತಿಕ್ ನಾತ್ ಹಾನ್ ಕೂಡ ಒಬ್ಬರು. ಅಲ್ಲಿನ ಹುಡುಗ ಹುಡುಗಿಯರು ಬಾಂಬು ಬಿದ್ದ ಹಳ್ಳಿಗಳಿಗೆ ಹೋಗಿ ಮನೆ ಕಟ್ಟುತ್ತಿದ್ದರು, ಶಾಲೆ ನಡೆಸುತ್ತಿದ್ದರು, ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದರು. ಯುದ್ಧದಲ್ಲಿ ಯಾವ ಕಡೆಯೂ ಸೇರದಿದ್ದ ತಪ್ಪಿಗೆ ಎರಡೂ ಕಡೆಯವರ ಅನುಮಾನಕ್ಕೆ ಗುರಿಯಾದರು. 1967ರಲ್ಲಿ ಅವರಲ್ಲಿ ಕೆಲವರನ್ನು ನದಿ ದಂಡೆಗೆ ಕರೆದೊಯ್ದು ಗುಂಡಿಟ್ಟು ಕೊಂದರು. ಶಾಂತಿಯ ಮಾತಾಡಲು 1966ರಲ್ಲಿ ದೇಶ ಬಿಟ್ಟು ಹೋದ ತಿಕ್ ನಾತ್ ಹಾನ್‌ಗೆ ಮತ್ತೆ ತಾಯ್ನಾಡಿಗೆ ಕಾಲಿಡಲು ಆಗಿದ್ದು 2005ರಲ್ಲಿ.

ಅಂಥವರು ಅಂಥವರಿಗೆ ಬರೆದ ಕಾಗದ ಇದು. ಉಸಿರನ್ನು ಗಮನಿಸಿ, ನಡೆಯುವಾಗ ನಡೆಯುವುದು ಗೊತ್ತಿರಲಿ, ವಾರಕ್ಕೊಂದು ದಿನ ನಿಮಗಾಗಿ ಇಟ್ಟುಕೊಳ್ಳಿ. ಈ ಮಾತುಗಳೆಲ್ಲ ಡೆಡ್‌ಲೈನ್ ತಪ್ಪಿದವರಿಗೆ ಹೇಳಿದ್ದಲ್ಲ, ನಾಳೆ ಮತ್ತೆ ಹೆಣ ಹೊರಬೇಕಾದವರಿಗೆ ಹೇಳಿದ್ದು. ಕೈ ಸೋತರೂ ಮನಸ್ಸು ಕಹಿಯಾಗದೆ, ಕೊಂದವರ ಮೇಲೂ ದ್ವೇಷ ಹುಟ್ಟದೆ, ಮರುದಿನ ಮತ್ತೆ ಕೆಲಸಕ್ಕೆ ಏಳುವುದು ಹೇಗೆ ಅನ್ನೋದೇ ಪತ್ರದ ಒಳಗಿನ ಪ್ರಶ್ನೆ. ನಾನು ನೋಡಿದ ಆ್ಯಪ್‌ಗಳಲ್ಲಿ ಈ ಪ್ರಶ್ನೆ ಎಲ್ಲೂ ಕಾಣಲಿಲ್ಲ. ಪುಸ್ತಕದ ಕೊನೆಗೆ ಕೊಟ್ಟ ಅಭ್ಯಾಸಗಳಲ್ಲಿ ಮುಗುಳ್ನಗೆಯದ್ದು ಎಲ್ಲ ಕಡೆ ಸಿಗುತ್ತೆ. ತನ್ನದೇ ಅಸ್ಥಿಪಂಜರವನ್ನು ಧ್ಯಾನಿಸುವ ಅಭ್ಯಾಸ, ನಮ್ಮನ್ನು ತುಂಬಾ ನೋಯಿಸಿದವರನ್ನು ಎದುರಿಗೆ ತಂದುಕೊಂಡು ಅವರ ಸುಖ ಯಾವುದು, ಅವರ ನೋವು ಯಾವುದು ಅಂತ ನೋಡುವ ಅಭ್ಯಾಸ, ಇವು ನನಗೆ ಪುಸ್ತಕದಲ್ಲೇ ಮೊದಲು ಸಿಕ್ಕಿದ್ದು.

ಈಗ ಪಾತ್ರೆಯ ವಿಷಯಕ್ಕೆ ಬರೋಣ. ಊಟವಾದ ಮೇಲೆ ಅಮೆರಿಕದ ಗೆಳೆಯನೊಬ್ಬ ನಾನು ಪಾತ್ರೆ ತೊಳೀತೀನಿ ಅಂತ ಏಳುತ್ತಾನೆ. ಸರಿ, ಆದರೆ ತೊಳೆಯೋ ರೀತಿ ಗೊತ್ತಿರಬೇಕು ಅಂತ ಇವರು ಶುರು ಮಾಡುತ್ತಾರೆ. ಪಾತ್ರೆ ಚೊಕ್ಕಟವಾಗಲಿ ಅಂತ ತೊಳೆಯೋದು ಒಂದು, ತೊಳೆಯುವುದಕ್ಕಾಗಿಯೇ ತೊಳೆಯೋದು ಇನ್ನೊಂದು. ಮುಗಿಸಿ ಟೀ ಕುಡಿಯೋ ಆತುರದಲ್ಲಿ ತೊಳೆಯುವವನು ಟೀಯನ್ನೂ ನೆಟ್ಟಗೆ ಕುಡಿಯಲಾರ ಅನ್ನೋದು ಇದರ ತಿರುಳು. ಅದಕ್ಕೂ ಮುಂಚೆ ಒಂದು ನೆನಪು ಬರುತ್ತೆ. ಹ್ಯೂ ನಗರದ ತು ಹ್ಯು ಮಠದಲ್ಲಿ ಇವರು ಎಳೆಯ ಭಿಕ್ಷುವಾಗಿದ್ದಾಗ, ಕೆಲವೊಮ್ಮೆ ನೂರಕ್ಕೂ ಹೆಚ್ಚು ಜನರ ಪಾತ್ರೆಯನ್ನು ಇಬ್ಬರೇ ತೊಳೆಯಬೇಕಿತ್ತಂತೆ. ಸೋಪಿಲ್ಲ. ಬೂದಿ, ಭತ್ತದ ಹೊಟ್ಟು, ತೆಂಗಿನ ನಾರು. ಚಳಿಗಾಲದಲ್ಲಿ ಕೊರೆಯುವ ನೀರು.

ಬೂದಿ, ತೆಂಗಿನ ನಾರು ಅಂದ ಕೂಡಲೇ ನಮ್ಮಜ್ಜಿ ಮನೆಯ ಹಿತ್ತಲು ಕಣ್ಮುಂದೆ ಬಂತು. ಮದುವೆ ಮುಂಜಿಯ ದಿನ ರಾಶಿ ಬಿದ್ದ ಮಸಿ ಪಾತ್ರೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದವರು ಯಾರು ಅಂತಲೂ ನೆನಪಾಯಿತು. ಅವರು ಮನೆಯ ಗಂಡಸರಂತೂ ಅಲ್ಲ.

ನನ್ನ ತಕರಾರು ಇಲ್ಲಿದೆ. ಮಠದಲ್ಲಿ ತೊಳೆಯುವವನೂ ಧ್ಯಾನ ಮಾಡುವವನೂ ಒಬ್ಬನೇ. ಆ ಅತಿಥಿ ತಾನಾಗಿ ಎದ್ದು ಹೋಗಿ ತೊಳೆದವನು. ಆದರೆ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಐದು ಫ್ಲ್ಯಾಟಿನ ಪಾತ್ರೆ ಉಜ್ಜಿ, ಮಧ್ಯಾಹ್ನದೊಳಗೆ ಮಗುವನ್ನು ಶಾಲೆಯಿಂದ ಕರೆತರಬೇಕಾದ ಹೆಂಗಸಿಗೆ ‘ತೊಳೆಯುವುದಕ್ಕಾಗಿಯೇ ತೊಳಿ’ ಅನ್ನೋದಕ್ಕೆ ಏನರ್ಥ? ಆಕೆ ಮುಗಿಸಲೇಬೇಕು, ಮುಂದಿನ ಮನೆಯವರು ಗಡಿಯಾರ ನೋಡ್ತಾ ಇರುತ್ತಾರೆ. ಆಯ್ಕೆಯಿಂದ ಮಾಡುವ ಕೆಲಸಕ್ಕೂ ಕೂಲಿಗಾಗಿ ಮಾಡುವ ಕೆಲಸಕ್ಕೂ ಇರುವ ಅಂತರವನ್ನು ಈ ಪುಸ್ತಕ ನೇರವಾಗಿ ಎತ್ತಿಕೊಳ್ಳೋದಿಲ್ಲ. ಎತ್ತಿಕೊಳ್ಳದ ಕಾರಣ, ಇದ್ದಲ್ಲೇ ನೆಮ್ಮದಿಯಾಗಿರು ಅಂತ ಇಲ್ಲದವರಿಗೆ ಬುದ್ಧಿ ಹೇಳಲು ಈ ಭಾಗ ಸುಲಭವಾಗಿ ಬಳಕೆಯಾಗಬಹುದು. ಇದು ಪುಸ್ತಕದ ಕೊರತೆ ಅಂತಲೇ ನಾನು ಹೇಳುತ್ತೇನೆ.

ಆದರೆ ಇಷ್ಟು ಹೇಳಿ ಪುಸ್ತಕ ಮುಚ್ಚಿಟ್ಟರೆ ನಾನು ತಪ್ಪಿಸಿಕೊಂಡ ಹಾಗೆ. ಯಾಕೆ ಅಂತ ಹೇಳ್ತೀನಿ.

ನಮ್ಮ ಮನೆಗೆ ಬರುವ ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಅವರನ್ನ ಅಕ್ಕ ಅಂತೀನಿ, ಅವರೂ ನನ್ನನ್ನ ಅಕ್ಕ ಅಂತಾರೆ, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇರೋ ಹಾಗೆ. ಆ ಸೆಷನ್ ಆದಮೇಲೆ ನಾನೂ ಒಂದು ಆ್ಯಪ್ ಹಾಕಿಕೊಂಡು ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಕೂರುತ್ತಿದ್ದೆ. ಒಂದು ದಿನ ಮೈತ್ರಿ ಧ್ಯಾನ ನಡೀತಿತ್ತು. ಎಲ್ಲ ಜೀವಿಗಳಿಗೂ ಒಳ್ಳೆಯದಾಗಲಿ ಅಂತ ಮನಸ್ಸಿನಲ್ಲೇ ಹಾರೈಸೋದು. ಅಡುಗೆಮನೆಯಲ್ಲಿ ಕುಕ್ಕರ್ ಸಿಂಕಿಗೆ ಬಡಿದು ಢಣ್ ಅಂತ ಸದ್ದಾಯಿತು. ನಾನು ಒಂದು ಕಣ್ಣು ತೆರೆದು, ಬಾಗಿಲ ಕಡೆ ತಿರುಗಿ, ತುಟಿ ಮೇಲೆ ಬೆರಳಿಟ್ಟು ‘ಶ್ಶ್’ ಅಂದೆ. ಅಕ್ಕ ನೋಡಿದರು. ನಲ್ಲಿಯನ್ನ ಸಣ್ಣಗೆ, ದಾರದ ಹಾಗೆ ತಿರುಗಿಸಿಕೊಂಡು, ಸದ್ದಾಗದ ಹಾಗೆ ಒಂದೊಂದೇ ಪಾತ್ರೆ ತೊಳೆದರು. ನಾನು ಕಣ್ಣು ಮುಚ್ಚಿ ಜೀವಿಗಳಿಗೆ ಒಳ್ಳೆಯದನ್ನು ಹಾರೈಸೋದನ್ನ ಮುಂದುವರಿಸಿದೆ.

ಧ್ಯಾನ ಮುಗಿಸಿ ಎದ್ದಾಗ ಅಕ್ಕ ಇನ್ನೂ ಸಿಂಕಿನ ಮುಂದೆಯೇ ಇದ್ದರು. “ಲೇಟಾಗೋಯ್ತಕ್ಕಾ, ಇನ್ನೂ ಮೂರು ಮನೆ ಐತೆ” ಅಂದರು. ದೂರೋ ದನಿಯಲ್ಲಿ ಅಲ್ಲ, ಸುಮ್ಮನೆ. ನನ್ನ ಇಪ್ಪತ್ತು ನಿಮಿಷದ ಶಾಂತಿಯ ಬಿಲ್ಲನ್ನು ಅವರು ಕಟ್ಟಿದ್ದರು.

ಅವತ್ತು ರಾತ್ರಿ ಪುಸ್ತಕವನ್ನು ಮತ್ತೆ ತೆಗೆದೆ. ನಾವು ಮೈಂಡ್‌ಫುಲ್‌ನೆಸ್ ಅನ್ನೋದಕ್ಕೆ ಪಾಳಿಯಲ್ಲಿ ‘ಸತಿ’ ಅಂತಾರೆ, ಸಂಸ್ಕೃತದ ‘ಸ್ಮೃತಿ’. ನೆನಪು ಅನ್ನೋ ಅರ್ಥವೂ ಅದರೊಳಗಿದೆ. ಈ ಪುಸ್ತಕದ ಬುಡದಲ್ಲಿರುವ ಸತಿಪಟ್ಠಾನ ಸುತ್ತದಲ್ಲಿ ಒಂದು ಮಾತು ಪಲ್ಲವಿಯ ಹಾಗೆ ಮರಳಿ ಮರಳಿ ಬರುತ್ತೆ: ಒಳಗೂ ಗಮನಿಸು, ಹೊರಗೂ ಗಮನಿಸು, ಒಳಗೆ ಹೊರಗೆ ಎರಡನ್ನೂ ಗಮನಿಸು. ‘ಹೊರಗೆ’ ಅಂದರೆ ಇನ್ನೊಬ್ಬರಲ್ಲಿ ಅಂತ ಹಳೆಯ ವ್ಯಾಖ್ಯಾನಗಳು ಬಿಡಿಸಿ ಹೇಳುತ್ತವೆ. ನಾನು ಕಲಿತದ್ದು ಒಳಗಿನದನ್ನು ಮಾತ್ರ. ನನ್ನ ಉಸಿರು ನನಗೆ ಗೊತ್ತಿತ್ತು, ಮೂರು ಮಾರು ದೂರದಲ್ಲಿ ನಿಂತ ಅಕ್ಕನ ಉಸಿರು ಗೊತ್ತಿರಲಿಲ್ಲ.

ಮೊದಲ ಅಧ್ಯಾಯದಲ್ಲಿ ಒಬ್ಬ ಗೆಳೆಯನ ಮಾತು ಬರುತ್ತೆ. ಅವನು ತನ್ನ ದಿನವನ್ನು ಮಗನಿಗಿಷ್ಟು, ಹೆಂಡತಿಗಿಷ್ಟು, ಉಳಿದದ್ದು ನನಗೆ ಅಂತ ಪಾಲು ಮಾಡುತ್ತಿದ್ದನಂತೆ. ಪಾಲು ಮಾಡೋದನ್ನ ಬಿಟ್ಟು, ಮಗನ ಜೊತೆ ಕಳೆದ ಹೊತ್ತೂ ನನ್ನದೇ ಅಂದುಕೊಂಡ ಮೇಲೆ ಅವನಿಗೆ ಬೇಕಾದಷ್ಟು ಸಮಯ ಸಿಕ್ಕಿತಂತೆ. ‘ಮೀ ಟೈಮ್’ ಅಂತ ದಿನಕ್ಕೆ ಹತ್ತು ಸಲ ಹೇಳುವ ನಮಗೆ ಇದು ಸರಿಯಾದ ಪೆಟ್ಟು. ಕೊನೆಯ ಅಧ್ಯಾಯದಲ್ಲಿ ಟಾಲ್‌ಸ್ಟಾಯ್‌ನ ಮೂರು ಪ್ರಶ್ನೆಗಳ ಕತೆ ಇದೆ. ಮುಖ್ಯವಾದ ಹೊತ್ತು ಯಾವುದು, ಮುಖ್ಯವಾದ ವ್ಯಕ್ತಿ ಯಾರು, ಮುಖ್ಯವಾದ ಕೆಲಸ ಯಾವುದು ಅಂತ ರಾಜ ಕೇಳುತ್ತಾನೆ. ಈ ಹೊತ್ತು, ಎದುರಿಗಿರುವವರು, ಅವರಿಗೆ ಒಳ್ಳೆಯದನ್ನು ಮಾಡುವುದು ಅಂತ ಉತ್ತರ. ಕತೆ ಹೇಳಿ ಮುಗಿಸಿ ತಿಕ್ ನಾತ್ ಹಾನ್ ತನ್ನ ಕಾರ್ಯಕರ್ತರನ್ನೇ ತಿವಿಯುತ್ತಾರೆ: ಜನಸೇವೆ, ಲೋಕಶಾಂತಿ ಅಂತ ಮಾತಾಡ್ತೀವಿ, ಹತ್ತಿರ ಇರುವವರನ್ನೇ ಮರೀತೀವಿ ಅಂತ.

ಅಲ್ಲಿಗೆ ನನ್ನ ತಕರಾರಿಗೆ ಪುಸ್ತಕದೊಳಗೇ ಅರ್ಧ ಉತ್ತರ ಸಿಕ್ಕಿತು. ಪಾತ್ರೆಯ ಪಾಠ ಅಕ್ಕನಿಗೆ ಹೇಳಬೇಕಾದದ್ದಲ್ಲ, ನನಗೆ ಹೇಳಿದ್ದು. ಪಾತ್ರೆ ತೊಳೆಯುವುದು ಒಬ್ಬ ಭಿಕ್ಷುವಿಗೆ ಬುದ್ಧನಿಗೆ ಸ್ನಾನ ಮಾಡಿಸಿದಷ್ಟು ಘನವಾದ ಕೆಲಸ ಆಗೋದಾದರೆ, ಅದನ್ನೇ ನನಗಾಗಿ ಮಾಡುವವರಿಗೆ ನಾನು ಬೆರಳಿಟ್ಟು ಸುಮ್ಮನಿರಿಸಿದ್ದು ಏನು? ಉಳಿದರ್ಧ ಉತ್ತರ, ಅಂದರೆ ಕೂಲಿ ಎಷ್ಟು, ರಜೆ ಎಷ್ಟು, ಜ್ವರ ಬಂದ ದಿನ ಸಂಬಳ ಹಿಡಿಯಬೇಕೋ ಬೇಡವೋ ಅನ್ನೋದು, ಪುಸ್ತಕದಲ್ಲಿಲ್ಲ. ಅದನ್ನ ನಾವೇ ಬರೀಬೇಕು.

ನಾನು ದೊಡ್ಡದೇನೂ ಮಾಡಲಿಲ್ಲ. ಭಾನುವಾರ ಅಕ್ಕನಿಗೆ ರಜೆ, ಸಂಬಳ ಹಿಡಿಯೋ ಮಾತಿಲ್ಲ. ಆ ದಿನ ಪಾತ್ರೆ ನನ್ನದು. ಮೊದಲ ಭಾನುವಾರ ತಳ ಹಿಡಿದ ಹಾಲಿನ ಪಾತ್ರೆ ಜೊತೆ ಅರ್ಧ ಗಂಟೆ ಗುದ್ದಾಡಿದೆ. ನೀರು ಕೈಗೆ ತಾಗೋದು ಗಮನಕ್ಕೆ ಬಂತು, ಒತ್ತಡ ಮಾತ್ರ ಇಳಿಯಲಿಲ್ಲ, ಸೊಂಟ ನೋಯಿತು. ಆ ನೋವು ಇಷ್ಟು ದಿನ ಯಾರದ್ದಾಗಿತ್ತು ಅಂತ ಗೊತ್ತಾಯಿತು. ಧ್ಯಾನದ ಹೊತ್ತನ್ನು ಅಕ್ಕ ಹೋದಮೇಲಕ್ಕೆ ಬದಲಾಯಿಸಿಕೊಂಡೆ. ಅವರಿರುವಾಗ ಇಬ್ಬರೂ ಟೀ ಕುಡೀತೀವಿ, ಐದು ನಿಮಿಷ. ಆತುರವಿಲ್ಲದೆ ಟೀ ಕುಡಿಯೋದು ಪುಸ್ತಕದ ಪಾಠವೇ ತಾನೆ?

ಹಾಗಾದರೆ ಈ ಪುಸ್ತಕ ಓದಬೇಕಾ? ಖಂಡಿತ ಓದಿ. ಆದರೆ ಕೊನೆಯ ಅಧ್ಯಾಯ ಮೊದಲು ಓದಿ, ಪಾತ್ರೆಯ ಭಾಗ ಆಮೇಲೆ. ನೆಮ್ಮದಿ ಸಿಗುತ್ತೆ ಅನ್ನೋ ಆಸೆಯಿಂದ ಓದಬೇಡಿ. ನಿಮ್ಮ ನೆಮ್ಮದಿಗೆ ಯಾರು ದುಡೀತಿದ್ದಾರೆ ಅಂತ ಕೇಳಿಕೊಂಡು ಓದಿ.

ಅಂದಹಾಗೆ, ಆ ಸೋಮವಾರ ಬಂದ ಅಕ್ಕ ನಾನು ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಸೋಪು ಜಾಸ್ತಿ ಹಾಕಿದ್ದೀರಕ್ಕಾ, ನೋಡಿ, ಬೆಳ್ಳಗೆ ಹಂಗೇ ಉಳ್ಕೊಂಡೈತೆ” ಅಂತ ನಗುತ್ತಾ ಅಷ್ಟನ್ನೂ ಮತ್ತೆ ಸಿಂಕಿಗೆ ಹಾಕಿದರು. ಈ ಸಲ ಢಣ್ ಅಂತ ಸದ್ದಾಯಿತು. ಇಬ್ಬರೂ ನಕ್ಕೆವು.